ನೀರಿಲ್ಲದೆ ಓಡುವ ಪಂಪು

(ಹೋಬಳಿಯ ರೈತರು ಮತ್ತು ನೀರಗಂಟಿಗಳು ಸೇರಿದ್ದ ಸಭೆಯಲ್ಲಿ, ತಾಲ್ಲೂಕಿನ ಪಟ್ಟಣದಲ್ಲಿ ಮೋಟಾರು ದುರಸ್ತಿಯ ಅಂಗಡಿ ಇಟ್ಟಿರುವವರೊಬ್ಬರು ಮಾಡಿದ ಭಾಷಣದ ಪಾಠ. ಸಭೆಗೆ ಬರಲಾಗದಿದ್ದ ಓದುಗರ ಅನುಕೂಲಕ್ಕಾಗಿ ಇಲ್ಲಿ ಕೊಟ್ಟಿದೆ.)



ನಾನು ಭಾಷಣಕಾರನಲ್ಲ. ಸುಟ್ಟ ಮೋಟಾರನ್ನು ಬಿಚ್ಚಿ, ಹೊಸ ತಂತಿ ಸುತ್ತಿ, ಮತ್ತೆ ನಿಮ್ಮ ಬಾವಿಗೆ ಇಳಿಸಿಕೊಡುವುದು ನನ್ನ ಕಸುಬು. ಈ ಕಸುಬಿನಲ್ಲಿ ಮೂವತ್ತು ವರ್ಷ ಕಳೆದಿದ್ದೇನೆ. ಸಭೆ ಕರೆದ ಹಿರಿಯರು, “ಬೇಸಗೆಯಲ್ಲಿ ನಿನ್ನ ಅಂಗಡಿಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ, ಮಳೆಗಾಲದಲ್ಲಿ ನೀನು ನೊಣ ಹೊಡೆಯುತ್ತ ಕೂತಿರುತ್ತೀಯೆ. ಇದಕ್ಕೆ ಕಾರಣವೇನೆಂಬುದನ್ನು ನಾಲ್ಕು ಜನಕ್ಕೆ ತಿಳಿಯುವ ಹಾಗೆ ಹೇಳು” ಎಂದು ಅಪ್ಪಣೆ ಕೊಟ್ಟರು. ಈ ಗುಟ್ಟು ಹೇಳಿಬಿಟ್ಟರೆ ನಮ್ಮ ಗಿರಾಕಿಗಳ ಗತಿಯೇನು ಎಂದು ಮನೆಯಾಕೆ ನಕ್ಕಳು. ಆದರೂ ಹೇಳಬೇಕೆಂದೇ ಬಂದಿದ್ದೇನೆ. ಯಾಕೆಂದರೆ ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದವನು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ನಮ್ಮ ತಾತನವರ ಕಾಲದಲ್ಲಿ ನಮ್ಮ ತೋಟಕ್ಕೆ ಕಪಿಲೆಯಿಂದ ನೀರು. ಎತ್ತುಗಳು ಇಳಿಜಾರಿನಲ್ಲಿ ಇಳಿದು ಹೋದಂತೆ ತೊಗಲಿನ ಚೀಲ ತುಂಬಿಕೊಂಡು ಮೇಲಕ್ಕೆ ಬರುತ್ತಿತ್ತು. ಬಾವಿಯಲ್ಲಿ ನೀರು ತಳ ಹಿಡಿದ ದಿನ ಚೀಲ ಅರ್ಧಂಬರ್ಧ ತುಂಬುವುದು. ಆಗ ಹಗ್ಗ ಹಗುರವಾಗುತ್ತಿತ್ತು. ಕಪಿಲೆ ಹೊಡೆಯುವವನಿಗಿಂತ ಮುಂಚೆ ಎತ್ತುಗಳಿಗೇ ಅದು ತಿಳಿದುಬಿಡುತ್ತಿತ್ತು. ಅವು ಹೆಜ್ಜೆ ಬೀಸಾಗಿ ಹಾಕಿದವು ಎಂದರೆ ತಾತ ಎತ್ತುಗಳನ್ನು ಬಿಚ್ಚಿ ನೆರಳಿಗೆ ಕಟ್ಟಿ, ಬಾವಿ ಊರಲಿ ಎಂದು ಬಿಡುತ್ತಿದ್ದರಂತೆ. ಈ ಮಾತನ್ನು ಕಿವಿಯ ಸಂದಿಯಲ್ಲಿ ಇಟ್ಟುಕೊಂಡಿರಿ. ಮುಂದೆ ಇದರಿಂದ ಕೆಲಸವಿದೆ.

ಪಂಪು ನೀರನ್ನು ಎತ್ತುತ್ತದೆಂಬುದು ಎಲ್ಲರಿಗೂ ಗೊತ್ತು. ನೀರು ಪಂಪನ್ನು ಕಾಪಾಡುತ್ತದೆಂಬುದು ಅಷ್ಟಾಗಿ ಗೊತ್ತಿಲ್ಲ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತೀರಷ್ಟೆ. ಹಾಕದೆ ಹತ್ತು ಮೈಲಿ ಹೊಡೆದರೆ ಅಚ್ಚು ಕಿರುಗುಟ್ಟಿ ಸವೆಯುತ್ತದೆ. ಪಂಪಿನ ಒಳಗೆ ಅನೇಕ ಕಡೆ ಕೀಲೆಣ್ಣೆಯ ಕೆಲಸ ಮಾಡುವುದು ಆ ಪಂಪು ಎತ್ತುವ ನೀರೇ. ಕೊಳವೆಬಾವಿಗೆ ಇಳಿಸುವ ಸಬ್‌ಮರ್ಸಿಬಲ್ ಪಂಪನ್ನು ನೋಡಿ. ಮೋಟಾರು ಕೆಳಗೆ, ಪಂಪು ಮೇಲೆ, ಎರಡರ ನಡುವೆ ನೀರು ಒಳಹೋಗುವ ಜರಡಿಯ ಬಾಯಿ. ಪಂಪಿನೊಳಗೆ ಒಂದರ ಮೇಲೊಂದು ಹತ್ತೋ ಹದಿನೈದೋ ಬಟ್ಟಲುಗಳು. ಪ್ರತಿ ಬಟ್ಟಲಿನಲ್ಲಿ ತಿರುಗುವ ಇಂಪೆಲ್ಲರ್ ಒಂದು. ನಡುವೆ ಹಾಯ್ದುಹೋಗುವ ಶಾಫ್ಟನ್ನು ಹಿಡಿದು ನಿಲ್ಲಿಸಲು ಬುಷ್‌ಗಳು. ಇದು ನಿಮಿಷಕ್ಕೆ ಮೂರು ಸಾವಿರ ಸುತ್ತಿಗೆ ಸ್ವಲ್ಪ ಕಡಿಮೆ ವೇಗದಲ್ಲಿ ತಿರುಗುತ್ತದೆ. ಬುಷ್ಷಿಗೂ ಶಾಫ್ಟಿಗೂ ನಡುವೆ ಇರುವುದು ನೀರಿನ ಒಂದು ತೆಳುವಾದ ಪೊರೆ, ಅಷ್ಟೆ. ಆ ಪೊರೆ ಹೋಯಿತೋ, ಲೋಹಕ್ಕೆ ರಬ್ಬರು, ಲೋಹಕ್ಕೆ ಲೋಹ ನೇರವಾಗಿ ಉಜ್ಜುತ್ತದೆ. ಉಜ್ಜಿದಲ್ಲಿ ಕಾವು. ಕಾವನ್ನು ಹೊತ್ತುಕೊಂಡು ಹೋಗಲು ನೀರಿಲ್ಲ. ಈಗಿನ ಪಂಪುಗಳಲ್ಲಿ ಇಂಪೆಲ್ಲರ್‌ಗಳು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವು. ಮೆದುವಾಗಿ ಬಟ್ಟಲಿಗೆ ಅಂಟಿಕೊಳ್ಳುತ್ತವೆ. ಕೆಳಗಿರುವ ಮೋಟಾರಿನ ಪಾಡೂ ಅದೇ. ಅದು ತಣ್ಣಗಿರುವುದು ತನ್ನ ಮೈಸುತ್ತ ಹರಿದು ಮೇಲೇರುವ ನೀರಿನಿಂದ. ನೀರಿನ ಮಟ್ಟ ಜರಡಿಯ ಬಾಯಿಗೆ ಇಳಿದುಬಿಟ್ಟರೆ ಮೋಟಾರು ನೀರಿನಲ್ಲಿ ಮುಳುಗಿಯೇ ಇರಬಹುದು, ಆದರೆ ಆ ನೀರಿಗೆ ಚಲನೆಯಿಲ್ಲ. ಒಲೆಯ ಮೇಲಿಟ್ಟ ಹಂಡೆಯಂತೆ ಅದೂ ಕಾಯುತ್ತದೆ.

ಬಾವಿಯ ದಂಡೆಯ ಮೇಲೆ ಇಡುವ ಪಂಪಿನಲ್ಲಿ ಸಂಕಟ ಬೇರೆ ಕಡೆ. ಅಲ್ಲಿ ಶಾಫ್ಟು ಹೊರಬರುವ ಜಾಗದಲ್ಲಿ ನೀರು ಸೋರದಿರಲೆಂದು ಗ್ಲಾಂಡಿಗೆ ಹಗ್ಗ ಸುತ್ತಿರುತ್ತಾರೆ, ಇಲ್ಲವೆ ಸೀಲು ಕೂರಿಸಿರುತ್ತಾರೆ. ಸೀಲು ಎಂದರೆ ಕನ್ನಡಿಯಷ್ಟು ನುಣುಪಾದ ಎರಡು ಬಿಲ್ಲೆ. ಒಂದು ತಿರುಗುತ್ತದೆ, ಇನ್ನೊಂದು ನಿಂತಿರುತ್ತದೆ. ನಡುವೆ ಮತ್ತೆ ಅದೇ ನೀರಿನ ಪೊರೆ. ನೀರಿಲ್ಲದೆ ಒಂದೆರಡು ನಿಮಿಷ ತಿರುಗಿದರೂ ಆ ಬಿಲ್ಲೆಗಳು ಕೆಡಬಹುದು. ಮರುದಿನ ಪಂಪು ನೀರು ಎತ್ತೀತು, ಆದರೆ ಅಲ್ಲಿಂದ ಸೋರಿಕೆ ಆರಂಭವಾಗುತ್ತದೆ. ಹಗ್ಗದ ಗ್ಲಾಂಡಿನ ಬಗ್ಗೆ ಒಂದು ಮಾತು. ಅದು ತೊಟ್ಟಿಕ್ಕುತ್ತಲೇ ಇರಬೇಕು. ನಿಮಿಷಕ್ಕೆ ನಲವತ್ತು ಐವತ್ತು ತೊಟ್ಟು ಬಿದ್ದರೆ ಅದು ರೋಗವಲ್ಲ, ಆರೋಗ್ಯ. ಸೋರುತ್ತದೆಂದು ಸ್ಪ್ಯಾನರ್ ಹಿಡಿದು ಬಿಗಿದೂ ಬಿಗಿದೂ ಒಣಗಿಸಿಬಿಡುವ ಜಾಣರು ಊರಿಗೊಬ್ಬರಿದ್ದಾರೆ. ಅವರು ತುಂಬಿದ ಬಾವಿಯ ದಂಡೆಯಲ್ಲೇ ಪಂಪನ್ನು ನೀರಿಲ್ಲದೆ ಓಡಿಸಿದಂತಾಯಿತು.

ನಾನು ಊರಿಗೆ ಬಂದು ಅಂಗಡಿ ಇಡುವುದಕ್ಕೆ ಮುಂಚೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಅಲ್ಲಿ ಮಂದವಾದ ರಸಗಳನ್ನು ಸಾಗಿಸಲು ಒಂದು ಬಗೆಯ ಪಂಪು ಇತ್ತು. ಉಕ್ಕಿನ ತಿರುಪೊಂದು ರಬ್ಬರಿನ ತೊಟ್ಟಿಲೊಳಗೆ ಹೊರಳುತ್ತ ರಸವನ್ನು ಮುಂದಕ್ಕೆ ದೂಡುತ್ತದೆ. ತೊಟ್ಟಿ ಬರಿದಾದದ್ದು ಯಾರಿಗೂ ಕಾಣದೆ ಹೋದರೆ, ಕೆಲವೇ ನಿಮಿಷಗಳಲ್ಲಿ ಸುಟ್ಟ ಟಯರಿನ ವಾಸನೆ ಇಡೀ ಷೆಡ್ಡಿಗೆ ಹರಡುವುದು. ಆ ಒಂದು ವಾಸನೆಗೆ ಹೆದರಿ, ಅಲ್ಲಿನ ಎಲ್ಲಾ ತೊಟ್ಟಿಗಳಿಗೂ ತೇಲುಬುರುಡೆಯ ಸ್ವಿಚ್ಚು ಹಾಕಿದ್ದರು. ಮಟ್ಟ ಇಳಿದೊಡನೆ ಬುರುಡೆ ಜೋತುಬಿದ್ದು ಪಂಪು ತಾನಾಗಿ ನಿಲ್ಲುವುದು. ಅಲ್ಲಿ ಕಾವಲಿಗೆ ಮೂರು ಪಾಳಿಯ ಜನವಿದ್ದರೂ ಈ ಏರ್ಪಾಡು ಬೇಕಾಗಿತ್ತು. ನಮ್ಮ ತೋಟದ ಪಂಪಿಗೆ ಕಾವಲು ಯಾರು? ನಡುರಾತ್ರಿ ಎರಡು ಗಂಟೆಗೆ ಅಲ್ಲಿರುವುದು ಗೂಬೆ ಮತ್ತು ಆಟೋ ಸ್ಟಾರ್ಟರು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಅಂಗಡಿಗೆ ಸುಟ್ಟ ಮೋಟಾರು ತರುವವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: “ಸ್ಟಾರ್ಟರು ಸರಿಯಾಗಿಯೇ ಇತ್ತು ಕಣಣ್ಣ, ಅದೇಕೆ ಟ್ರಿಪ್ ಆಗಲಿಲ್ಲ?” ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಎಂಬುದೊಂದಿದೆ. ಹೆಸರೇ ಹೇಳುವಂತೆ, ಹೊರೆ ಹೆಚ್ಚಾಗಿ ಮೋಟಾರು ಹೆಚ್ಚು ಕರೆಂಟು ಎಳೆದಾಗ ಅದು ಬಿಡಿಸಿಬಿಡುತ್ತದೆ. ನೀರಿಲ್ಲದೆ ಓಡುವಾಗ ಹೊರೆ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಎತ್ತುವುದಕ್ಕೆ ನೀರೇ ಇಲ್ಲವಲ್ಲ! ತುಂಬು ನೀರು ಎತ್ತುವಾಗ ಎಂಟು ಆಂಪಿಯರ್ ಎಳೆಯುತ್ತಿದ್ದ ಮೋಟಾರು ಆಗ ನಾಲ್ಕಕ್ಕೋ ಐದಕ್ಕೋ ಇಳಿದುಬಿಡುತ್ತದೆ. ರಿಲೇಗೆ ಇದು ಬಹಳ ನೆಮ್ಮದಿಯ ಸಮಯ. ಮುಂಬಾಗಿಲಿಗೆ ಕಾವಲು ನಿಲ್ಲಿಸಿದ್ದೀರಿ, ಕಳ್ಳ ಹಿತ್ತಲಿನಿಂದ ಬಂದಿದ್ದಾನೆ. ಒಳಗೆ ಬುಷ್ಷೆಲ್ಲ ಸವೆದು, ಇಂಪೆಲ್ಲರು ಅಂಟಿಕೊಂಡು, ಶಾಫ್ಟು ತಿರುಗಲಾರದೆ ಬಿಗಿದುಕೊಂಡಾಗ ಕರೆಂಟು ಒಮ್ಮೆಗೇ ಏರುತ್ತದೆ. ಆಗ ರಿಲೇ ಎಚ್ಚೆತ್ತು ಬಿಡಿಸುತ್ತದೆ. ಅಷ್ಟು ಹೊತ್ತಿಗೆ ಕಾಯಲು ಏನೂ ಉಳಿದಿರುವುದಿಲ್ಲ.

ಆದರೆ ನೋಡಿ, ನಮ್ಮ ತಾತನ ಹಗ್ಗ ಇಲ್ಲಿಯೂ ಇದೆ. ಚೀಲ ಖಾಲಿಯಾದಾಗ ಹಗ್ಗ ಹಗುರವಾದಂತೆ, ಪಂಪು ಖಾಲಿಯಾದಾಗ ಕರೆಂಟು ಹಗುರವಾಗುತ್ತದೆ. ಸ್ಟಾರ್ಟರಿನ ಬಾಗಿಲ ಮೇಲಿರುವ ಆಂಪಿಯರ್ ಮೀಟರಿನ ಮುಳ್ಳೇ ಆ ಹಗ್ಗ. ಅದನ್ನು ನೋಡುವವರು ಬೇಕು, ಅಷ್ಟೆ. ನಾವು ಇಪ್ಪತ್ತನಾಲ್ಕು ಗಂಟೆ ನೋಡುತ್ತ ನಿಲ್ಲಲಾಗದೆಂದೇ ನಮ್ಮ ಬದಲು ನೋಡುವ ಡಬ್ಬವೊಂದು ಬಂದಿದೆ. ಅಂಗಡಿಗಳಲ್ಲಿ ಅದನ್ನು ಡ್ರೈ ರನ್ ಪ್ರಿವೆಂಟರ್ ಎನ್ನುತ್ತಾರೆ. ಕರೆಂಟು ಗೊತ್ತುಮಾಡಿದ ಗೆರೆಗಿಂತ ಕೆಳಗಿಳಿದರೆ ಕೆಲವು ಸೆಕೆಂಡು ಕಾದು ನೋಡಿ ಮೋಟಾರನ್ನು ನಿಲ್ಲಿಸುತ್ತದೆ. ಬಾವಿ ಊರಲು ನಾವು ಹೇಳಿದಷ್ಟು ಹೊತ್ತು ಬಿಟ್ಟು, ಮತ್ತೆ ತಾನೇ ಶುರುಮಾಡುತ್ತದೆ. ಎತ್ತು ಬಿಚ್ಚಿ ನೆರಳಿಗೆ ಕಟ್ಟಿದಂತೆ.

ಇನ್ನು ನನ್ನ ತಪ್ಪಿನ ಕಥೆ.

2015ರಲ್ಲಿ ಮಳೆ ಕೈಕೊಟ್ಟಿತ್ತು. 2016ರ ಬೇಸಗೆ ಹೇಗಿತ್ತೆಂಬುದು ನಿಮಗೆ ಮರೆತಿರಲಾರದು. ನಾನು ಕೆಲಸ ಮಾಡಿಕೊಡುತ್ತಿದ್ದ ಒಂದು ಊರು, ಹೆಸರು ಬೇಡ. ಊರಿಗೆಲ್ಲ ಕುಡಿಯುವ ನೀರು ಒಂದೇ ಕೊಳವೆಬಾವಿಯಿಂದ. ಪಂಪನ್ನು 640 ಅಡಿಗೆ ಇಳಿಸಿತ್ತು. ಅದಕ್ಕೆ ಪ್ರಿವೆಂಟರ್ ಕೂರಿಸಿದವನು ನಾನೇ. ಮಾರ್ಚಿಯವರೆಗೆ ಎಲ್ಲ ಸುಸೂತ್ರವಾಗಿತ್ತು. ಏಪ್ರಿಲಿನಲ್ಲಿ ಅದು ಮುಕ್ಕಾಲು ಗಂಟೆಗೊಮ್ಮೆ ಪಂಪನ್ನು ನಿಲ್ಲಿಸತೊಡಗಿತು. ಮೇಲಿನ ಟ್ಯಾಂಕು ತುಂಬುವುದಿಲ್ಲ. ಬಿಂದಿಗೆ ಹಿಡಿದು ನಿಂತ ಹೆಂಗಸರು ನೀರಗಂಟಿಯನ್ನು ಬಾಯಿಗೆ ಬಂದಂತೆ ಅನ್ನುವರು. ಅದರ ಮೇಲೆ ಹತ್ತು ಹನ್ನೆರಡು ದಿನಕ್ಕೆ ಊರಿನ ತೇರು. ನೀರಗಂಟಿ ನನಗಿಂತ ಹಿರಿಯರು, ಬಹಳ ಮೆತ್ತನೆಯ ಮನುಷ್ಯರು. ಒಂದು ಸಂಜೆ ಸೈಕಲ್ಲು ತುಳಿದುಕೊಂಡು ಅಂಗಡಿಗೆ ಬಂದರು.

“ಅಪ್ಪಾ, ನಿನ್ನ ಡಬ್ಬ ಸುಮ್ಮಸುಮ್ಮನೆ ನಿಲ್ಲಿಸುತ್ತದಪ್ಪ. ಕೆಟ್ಟುಹೋಗಿದೆ ಅಂತ ಕಾಣುತ್ತೆ. ತೇರು ಮುಗಿಯೋ ತನಕ ಅದನ್ನ ತೆಗೆದಿಡು.”

“ಕೆಟ್ಟಿಲ್ಲ ಅಣ್ಣ, ನೀರು ಕಮ್ಮಿ ಆಗಿರಬೇಕು,” ಎಂದೆ.

“ನೀರು ಬರುತ್ತೆ, ನಾನು ನೋಡಿದೀನಿ. ಒಂದು ಗಳಿಗೆ ಬಿಟ್ಟು ಬಿಟ್ಟು ಬಂದು ಆಮೇಲೆ ಬರುತ್ತೆ. ಇದು ಅಷ್ಟು ಹೊತ್ತು ತಾಳೋದೇ ಇಲ್ಲ.”

ನೀರು ಬಿಟ್ಟು ಬಿಟ್ಟು ಬರುತ್ತದೆಂದರೆ ಪಂಪು ಗಾಳಿ ಕುಡಿಯುತ್ತಿದೆ ಎಂದೇ ಅರ್ಥ. ನನಗೆ ಗೊತ್ತಿತ್ತು. ಅಂದು ಅಂಗಡಿಯಲ್ಲಿ ಏಳು ಮೋಟಾರು ಬಿಚ್ಚಿಕೊಂಡು ಕೂತಿದ್ದೆ. ಹೋಗಿ, ಅರ್ಧ ದಿನ ಕೂತು ಬಾವಿಯನ್ನು ನೋಡಿ, ಬಗೆಹರಿಸುವ ತಾಳ್ಮೆ ಇರಲಿಲ್ಲ. ರಾತ್ರಿ ಅವರ ಜೊತೆಯಲ್ಲೇ ಹೋಗಿ, ಫ್ಯೂಸು ತೆಗೆದು, ಡಬ್ಬವನ್ನು ತಪ್ಪಿಸಿ ಎರಡು ತಂತಿ ಸೇರಿಸಿ ಬಂದೆ. ಐದು ನಿಮಿಷದ ಕೆಲಸ. ಅವರು ಕೊಟ್ಟ ಟೀ ಕುಡಿದೆ.

ಮೊದಲ ಎರಡು ದಿನ ನೀರು ಹೆಚ್ಚಾಗಿಯೇ ಬಂದಂತೆ ಎಲ್ಲರಿಗೂ ಕಂಡಿತು. ಆರನೆಯ ರಾತ್ರಿ ಒಂದು ಗಂಟೆಗೆ ತ್ರೀ ಫೇಸ್ ಬಂದಿದೆ. ಆಟೋ ಸ್ಟಾರ್ಟರು ಎಳೆದುಕೊಂಡಿದೆ. ಬೆಳಗ್ಗೆ ನೀರಗಂಟಿ ಹೋಗಿ ನೋಡಿದರೆ ಟ್ಯಾಂಕಿನಲ್ಲಿ ನೀರಿಲ್ಲ, ಸ್ಟಾರ್ಟರು ಟ್ರಿಪ್ ಆಗಿ ಕೂತಿದೆ. ಗುಂಡಿ ಒತ್ತಿದರೆ ಗೊಂಯ್ ಎಂದು ಮತ್ತೆ ಟ್ರಿಪ್. ಚೈನ್ ಪುಲ್ಲಿ ಕಟ್ಟಿ, ಎಂಟು ಜನ ಸೇರಿ ಆ 640 ಅಡಿಯ ಕೊಳವೆಯನ್ನು ಒಂದೊಂದಾಗಿ ಮೇಲಕ್ಕೆ ತೆಗೆದೆವು. ಬಿಚ್ಚಿದಾಗ ಇಂಪೆಲ್ಲರುಗಳು ಬಟ್ಟಲುಗಳೊಳಗೆ ಮೇಣದಂತೆ ಕರಗಿ ಹಿಡಿದುಕೊಂಡಿದ್ದವು. ಉಳಿ ಹಾಕಿ ಬಿಡಿಸಬೇಕಾಯಿತು. ದುಂಡಗಿರಬೇಕಾದ ಬುಷ್ಷು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಮೋಟಾರಿನ ಅಡಿಯಲ್ಲಿ ಇಡೀ ಭಾರವನ್ನು ಹೊರುವ ಬೇರಿಂಗ್ ಸೀಳಿತ್ತು, ಕಾಯಿಲು ಕಪ್ಪಾಗಿತ್ತು.

ಒಂಬತ್ತು ದಿನ ಆ ಊರಿಗೆ ನೀರಿಲ್ಲ. ತೇರಿಗೆಂದು ಮನೆಮನೆಗೂ ನೆಂಟರು ಬಂದಿದ್ದರು. ಎರಡು ಕಿಲೋಮೀಟರ್ ಆಚೆ ಒಬ್ಬರ ತೋಟದಿಂದ ಟ್ರ್ಯಾಕ್ಟರಿನಲ್ಲಿ ತೊಟ್ಟಿ ಇಟ್ಟು ತಂದು ಹಂಚಿದರು. ಸಾಲದ ಮನೆಗಳಲ್ಲಿ ಮಕ್ಕಳು ಶಾಲೆಗೆ ಹೋಗದೆ ಬಿಂದಿಗೆ ಹೊತ್ತರು. ಊರ ಸಭೆ ಸೇರಿತು. ನೀರಗಂಟಿಯನ್ನು ನಿಲ್ಲಿಸಿಕೊಂಡು, ನೀನು ರಾತ್ರಿ ಮಲಗಿದ್ದೆ, ನಿನ್ನ ಅಲಕ್ಷ್ಯದಿಂದ ಹೀಗಾಯಿತು ಎಂದು ನಾಲ್ಕೂ ಕಡೆಯಿಂದ ಅಂದರು. ಅವರು ತಲೆ ತಗ್ಗಿಸಿ ನಿಂತಿದ್ದರು. ತಂತಿ ಸೇರಿಸಿದವನು ಇಂಥವನು ಎಂದು ಒಂದು ಮಾತೂ ಆಡಲಿಲ್ಲ. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ನಾನೂ ಆಡಲಿಲ್ಲ.

ಮೂರನೆಯ ದಿನ ಹೋಗಿ ಊರಿನ ಹಿರಿಯರ ಮುಂದೆ ನಡೆದುದನ್ನು ಹೇಳಿದೆ. ರಿಪೇರಿಯ ಕೂಲಿ ತೆಗೆದುಕೊಳ್ಳಲಿಲ್ಲ. ಅದು ದೊಡ್ಡದೇನಲ್ಲ, ಸಭೆಯಲ್ಲಿ ಆಡಬೇಕಾದ ಮಾತಿಗೆ ಕೂಲಿಯ ಹಣ ಸರಿಹೋಗುವುದಿಲ್ಲ. ಆ ಹಿರಿಯರು ಈಗ ಕೆಲಸದಿಂದ ನಿವೃತ್ತರಾಗಿದ್ದಾರೆ. ಇವತ್ತೂ ಸಿಕ್ಕರೆ ಟೀ ಕುಡಿಸುತ್ತಾರೆ.

ಪಂಪನ್ನು ಮತ್ತೆ ಇಳಿಸಿದ ಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಒಂದು ಗಡಿಯಾರ, ಒಂದು ಬಿಂದಿಗೆ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಪಂಪಿನ ಮನೆಯಲ್ಲಿ ಕೂತೆ. ನೀರು ಶುರುವಾಗಿ ನಲವತ್ತು ನಿಮಿಷಕ್ಕೆ ಕೊಳವೆ ಕೆಮ್ಮತೊಡಗುವುದು. ನಿಲ್ಲಿಸಿ, ಮತ್ತೆ ಅಷ್ಟೇ ನೀರು ಬರಬೇಕಾದರೆ ಒಂದು ಗಂಟೆಗೂ ಮೇಲೆ ಕಾಯಬೇಕು. ನಮ್ಮ ಸೀಮೆಯ ನೆಲ ಗಟ್ಟಿ ಬಂಡೆ. ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಬಿರುಕಿನಿಂದ ಬಾವಿಗೆ ಎಷ್ಟು ಜಿನುಗುತ್ತದೋ ಅಷ್ಟೇ ನಮ್ಮ ಪಾಲು. ದೊಡ್ಡ ಪಂಪು ಹಾಕಿದರೆ ಬಿರುಕು ದೊಡ್ಡದಾಗುವುದಿಲ್ಲ. ಪಂಪು ಎಳೆಯುವ ವೇಗ ಬಾವಿ ಕೊಡುವ ವೇಗಕ್ಕಿಂತ ಹೆಚ್ಚಾಗಿತ್ತು, ವಿಷಯ ಇಷ್ಟೆ. ಹೊರಗಿನ ಕೊಳವೆಗೆ ಗೇಟ್ ವಾಲ್ವ್ ಇತ್ತು. ಅದನ್ನು ಒಂದು ಸುತ್ತು ಮುಚ್ಚಿ ನೋಡಿದೆ, ಕೆಮ್ಮುವುದು ತಡವಾಯಿತು. ಇನ್ನೂ ಎರಡು ಸುತ್ತು ಮುಚ್ಚಿದೆ. ಧಾರೆ ಸಣ್ಣದಾಯಿತು, ಆದರೆ ಎರಡೂವರೆ ಗಂಟೆ ಕಡಿಯದೆ ಬಂತು. ಟ್ಯಾಂಕಿಗೆ ಬಿದ್ದ ಒಟ್ಟು ನೀರು ಮೊದಲಿಗಿಂತ ಕಡಿಮೆಯಾಗಲಿಲ್ಲ. ಪ್ರಿವೆಂಟರು ಅಂದು ಒಮ್ಮೆ ಕೂಡ ನಿಲ್ಲಿಸಲಿಲ್ಲ. ಅದು ಕೆಟ್ಟಿರಲಿಲ್ಲ; ದಿನಕ್ಕೆ ಹತ್ತು ಸಲ ನಿಜ ಹೇಳುತ್ತಿತ್ತು.

ವಾಲ್ವನ್ನು ಪೂರ್ತಿ ಮುಚ್ಚಿ ಓಡಿಸುವುದು ಮಾತ್ರ ಬೇಡ. ಒಳಗೆ ಸಿಕ್ಕ ನೀರೇ ಸುತ್ತಿ ಸುತ್ತಿ ಕಾದು, ನೀರಿಲ್ಲದೆ ಓಡಿದಷ್ಟೇ ಹಾನಿಯಾಗುತ್ತದೆ.

ಪ್ರಿವೆಂಟರಿನ ಗೆರೆಯನ್ನು ಎಲ್ಲಿ ಇಡಬೇಕೆಂದು ಕೆಲವರು ಕೇಳುತ್ತಾರೆ. ನಿಮ್ಮ ಪಂಪು ತುಂಬು ನೀರು ಎತ್ತುವಾಗ ಮುಳ್ಳು ಎಲ್ಲಿ ನಿಂತಿದೆ ನೋಡಿ. ಧಾರೆ ಕೆಮ್ಮಲು ಶುರುವಾದಾಗ ಎಲ್ಲಿಗೆ ಇಳಿಯುತ್ತದೆ ನೋಡಿ. ಗೆರೆ ಇವೆರಡರ ನಡುವೆ, ಮೇಲಿನದಕ್ಕೆ ಸ್ವಲ್ಪ ಸಮೀಪವಾಗಿ ಇರಲಿ. ಪಕ್ಕದ ತೋಟದವರ ಲೆಕ್ಕ ನಿಮಗೆ ಆಗದು; ಅವರ ಮೋಟಾರು ಬೇರೆ, ಆಳ ಬೇರೆ. ಇನ್ನೊಂದು ಸೂಕ್ಷ್ಮವಿದೆ. ರಾತ್ರಿ ಹೊತ್ತು ವೋಲ್ಟೇಜು ಏರಿದರೆ ಮೋಟಾರು ಖಾಲಿ ತಿರುಗುವಾಗಲೂ ಎಳೆಯುವ ಕರೆಂಟು ಏರುತ್ತದೆ. ಹಗಲಿನಲ್ಲಿ ನಾಲ್ಕಕ್ಕೆ ಇಳಿಯುತ್ತಿದ್ದ ಮುಳ್ಳು ರಾತ್ರಿ ಐದರಲ್ಲೇ ನಿಲ್ಲಬಹುದು. ಗೆರೆಯನ್ನು ತೀರ ಕೆಳಗೆ ಇಟ್ಟಿದ್ದರೆ ಆಗ ಡಬ್ಬ ಮೋಸಹೋಗುತ್ತದೆ. ಆದ್ದರಿಂದ ಒಂದು ಸಲ ರಾತ್ರಿಯ ಕರೆಂಟಿನಲ್ಲೂ ನೋಡಿಕೊಳ್ಳುವುದು ಮೇಲು. ಸ್ಟಾರ್ಟರಿನ ಒಳಗೆ ಕೈ ಹಾಕುವ ಕೆಲಸವನ್ನು ಬಲ್ಲವರಿಗೆ ಬಿಡಿ. ಅದೂ ಮೂರೂ ಫ್ಯೂಸು ತೆಗೆದ ಮೇಲೆ.

ತೆರೆದ ಬಾವಿ, ಕೃಷಿ ಹೊಂಡ, ಸಂಪುಗಳಿರುವವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ನೀರಿನ ಮಟ್ಟವನ್ನೇ ಮುಟ್ಟಿ ನೋಡುವ ಕಡ್ಡಿಗಳನ್ನು ಇಳಿಬಿಡಬಹುದು, ಇಲ್ಲವೆ ನಾನು ಹೇಳಿದ ತೇಲುಬುರುಡೆಯ ಸ್ವಿಚ್ಚು ಹಾಕಬಹುದು. ಕೆಳಗಿನ ಕಡ್ಡಿ ಫುಟ್‌ವಾಲ್ವಿಗಿಂತ ಮೊಳದಷ್ಟಾದರೂ ಮೇಲಿರಲಿ. ನೀರು ತೀರ ತಳಕ್ಕೆ ಬಂದಾಗ ಸುಳಿ ಎದ್ದು, ನೀರಿನ ಜೊತೆಗೆ ಗಾಳಿಯನ್ನೂ ಒಳಗೆ ಎಳೆಯುತ್ತದೆ. ನೀರು ಕಣ್ಣಿಗೆ ಕಾಣುತ್ತಿದ್ದರೂ ಪಂಪು ಒಣಗುತ್ತದೆ. ಕಡ್ಡಿಗಳಿಗೆ ಪಾಚಿ ಕಟ್ಟಿದರೆ ನೀರಿಲ್ಲದಿದ್ದರೂ ನೀರಿದೆ ಎಂದು ಸುಳ್ಳು ಹೇಳಿಯಾವು. ತಿಂಗಳಿಗೊಮ್ಮೆ ತೆಂಗಿನ ನಾರಿನಿಂದ ಉಜ್ಜಿ.

ಬಾವಿಯಲ್ಲಿ ಬೇಕಾದಷ್ಟು ನೀರಿದ್ದೂ ಪಂಪು ಒಣಗಿ ಕೆಡುವುದುಂಟು. ಇದಕ್ಕೆ ಕಾರಣ ಬಹುತೇಕ ಫುಟ್‌ವಾಲ್ವು. ಒಂದು ಎಲೆಯೋ, ಹರಳೋ ಸಿಕ್ಕಿಕೊಂಡು ಬಾಯಿ ಪೂರ್ತಿ ಮುಚ್ಚದಿದ್ದರೆ ಕರೆಂಟು ಹೋದಾಗ ಕೊಳವೆಯ ನೀರೆಲ್ಲ ಬಾವಿಗೆ ಇಳಿದುಹೋಗುತ್ತದೆ. ನೀವು ಎದುರಿಗಿದ್ದರೆ ಚೆಂಬಿನಲ್ಲಿ ನೀರು ಹೊಯ್ದು ಪಂಪು ತುಂಬಿ ಶುರುಮಾಡುತ್ತೀರಿ. ಆಟೋ ಸ್ಟಾರ್ಟರಿಗೆ ಚೆಂಬು ಹಿಡಿಯಲು ಕೈಯಿಲ್ಲ. ಕರೆಂಟು ಬಂದೊಡನೆ ಖಾಲಿ ಪಂಪನ್ನೇ ಓಡಿಸುತ್ತದೆ. ಸಗಣಿ ಕದಡಿ ಹೊಯ್ದರೆ ವಾಲ್ವಿನ ಸಂದು ಮುಚ್ಚುತ್ತದೆಂದು ನಮ್ಮಲ್ಲಿ ಒಂದು ಉಪಾಯ ಉಂಟು. ಆ ದಿನಕ್ಕೆ ನಡೆದೀತು. ಅದರಲ್ಲಿರುವ ಮರಳು ಸೀಲನ್ನು ಕೊರೆಯುತ್ತದೆ. ವಾಲ್ವಿನ ವಾಷರು ಬದಲಾಯಿಸಿ, ಅದರ ಸುತ್ತ ಒಂದು ಜಾಲರಿ ಕಟ್ಟಿ.

ದಂಡೆಯ ಪಂಪನ್ನು ನೀರಿನಿಂದ ಎಷ್ಟು ಎತ್ತರದಲ್ಲಿ ಇಡಬಹುದೆಂಬುದಕ್ಕೂ ಮಿತಿ ಇದೆ. ಪಂಪು ನೀರನ್ನು ಹಗ್ಗ ಹಾಕಿ ಎಳೆಯುವುದಿಲ್ಲ. ಹೊರಗಿನ ಗಾಳಿಯ ಒತ್ತಡವೇ ನೀರನ್ನು ಕೊಳವೆಯೊಳಗೆ ಮೇಲಕ್ಕೆ ದೂಡುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ಹೆಚ್ಚೆಂದರೆ 10.3 ಮೀಟರ್ ದೂಡೀತು. ಬೆಂಗಳೂರು ಸಮುದ್ರಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯೂ ತೆಳುವು, ಲೆಕ್ಕ 9 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಕೊಳವೆಯ ಉಜ್ಜಾಟ, ಬೆಂಡುಗಳು ಎಲ್ಲ ಕಳೆದರೆ ಇಪ್ಪತ್ತು ಅಡಿಗೆ ಮೀರದಂತೆ ಇಡುವುದು ಲೇಸು. ಬೇಸಗೆಯಲ್ಲಿ ಮಟ್ಟ ಇಳಿದಂತೆ ಪಂಪನ್ನೂ ಒಂದು ಮೆಟ್ಟಿಲು ಇಳಿಸಲೇಬೇಕು.

ಆಟೋ ಸ್ಟಾರ್ಟರನ್ನು ಕಿತ್ತುಹಾಕಿ ಎಂದು ನಾನು ಹೇಳಲಾರೆ. ಕೇಳುವುದಕ್ಕೆ ಚೆಂದ. ಆದರೆ ನಡುರಾತ್ರಿ ಬರುವ ತ್ರೀ ಫೇಸಿಗಾಗಿ ಹಾವು ಚೇಳಿನ ನಡುವೆ ತೋಟದಲ್ಲಿ ಮಲಗುವ ಕಷ್ಟ ಏನೆಂಬುದು ನನಗೂ ಗೊತ್ತು. ಎಲ್ಲರ ಮೋಟಾರೂ ಒಮ್ಮೆಗೇ ಎದ್ದು ಟ್ರಾನ್ಸ್‌ಫಾರ್ಮರಿನ ಮೇಲೆ ಬೀಳುತ್ತವೆಂದು ಕರೆಂಟಿನ ಇಲಾಖೆಯವರು ಇದನ್ನು ಬೇಡವೆನ್ನುವುದೂ ಸರಿಯೇ. ನನ್ನದು ಇಷ್ಟು: ಆಟೋ ಇದ್ದ ಕಡೆ ಪ್ರಿವೆಂಟರೂ ಇರಲಿ. ಒಂದನ್ನು ಬಿಟ್ಟು ಒಂದು ಬೇಡ. 2008ರಿಂದ 10 ಎಚ್.ಪಿ.ವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ಕರೆಂಟಿನ ಬಿಲ್ಲಿಲ್ಲ. ಹಾಗಾಗಿ ಖಾಲಿ ಓಡಿದರೆ ನಷ್ಟವೇನು ಎಂಬ ಭಾವನೆ ಕೆಲವರಲ್ಲಿ ಬೆಳೆದಿದೆ. ಕಾಯಿಲ್ ಕಟ್ಟುವ ತಾಮ್ರದ ತಂತಿ ಉಚಿತವಲ್ಲ, ಕೊಳವೆ ಎತ್ತುವ ಎಂಟು ಆಳಿನ ಕೂಲಿ ಉಚಿತವಲ್ಲ, ನೀರಿಲ್ಲದೆ ಬಾಡುವ ಬೆಳೆಗೆ ಮೊದಲೇ ಬೆಲೆಕಟ್ಟಲಾಗದು. ಇವೆಲ್ಲದರ ಮುಂದೆ ಪ್ರಿವೆಂಟರಿನ ಬೆಲೆ ಅಲ್ಪ.

ಹಣವೇ ಇಲ್ಲವೆನ್ನುವವರು ಒಂದು ಸೀಮೆಸುಣ್ಣವನ್ನಾದರೂ ಪಂಪಿನ ಮನೆಯಲ್ಲಿ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಗೋಡೆಯ ಮೇಲೆ ಮೂರು ವಿಷಯ ಬರೆಯಿರಿ: ತಾರೀಖು, ನೀರು ತುಂಬಿ ಬರುವಾಗಿನ ಆಂಪಿಯರು, ಎಷ್ಟು ನಿಮಿಷಕ್ಕೆ ಧಾರೆ ಕೆಮ್ಮಿತು. ಜನವರಿಯಲ್ಲಿ ಎರಡು ಗಂಟೆ ಬರುತ್ತಿದ್ದುದು ಫೆಬ್ರವರಿಯಲ್ಲಿ ಒಂದೂವರೆ, ಮಾರ್ಚಿಯಲ್ಲಿ ಐವತ್ತು ನಿಮಿಷ ಎಂದು ಗೋಡೆ ತೋರಿಸಿದರೆ, ಮೇ ತಿಂಗಳಲ್ಲಿ ಏನಾಗುವುದೆಂದು ತಿಳಿಯಲು ಜೋಯಿಸರು ಬೇಕಿಲ್ಲ. ಅಷ್ಟರಲ್ಲಿ ವಾಲ್ವು ತಿರುಗಿಸಿ, ಓಡಿಸುವ ಹೊತ್ತನ್ನು ಕಡಿಮೆ ಮಾಡಿ, ಬಾಳೆಗೆ ಎಷ್ಟು, ತೆಂಗಿಗೆ ಎಷ್ಟು ಎಂದು ನೀರನ್ನು ಹಂಚಿಕೊಳ್ಳಲು ಸಮಯವಿರುತ್ತದೆ. ಕುಡಿಯುವ ನೀರಿನ ಪಂಪಿನ ಮನೆಗಳಲ್ಲಿ ಈ ಲೆಕ್ಕವನ್ನು ಊರಿನವರಿಗೆ ಕಾಣುವಂತೆ ಬರೆದಿಡಬೇಕೆಂದು ಇಲ್ಲಿರುವ ನೀರಗಂಟಿಗಳಲ್ಲಿ ನನ್ನ ವಿಶೇಷ ಪ್ರಾರ್ಥನೆ. ಟ್ಯಾಂಕು ಯಾಕೆ ತುಂಬಲಿಲ್ಲ ಎಂದು ಬೈಯಲು ಬಂದವರಿಗೆ ಗೋಡೆ ತೋರಿಸಿ. ಆ ಲೆಕ್ಕ ಇದ್ದಿದ್ದರೆ ನನ್ನ ಆ ಹಿರಿಯರು ಸಭೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗುತ್ತಿರಲಿಲ್ಲ.

ಕೊನೆಗೆ, ದಂಡೆಯ ಪಂಪು ಖಾಲಿ ಓಡಿ ಮುಟ್ಟಲಾಗದಷ್ಟು ಕಾದಿದೆ ಎಂದಿಟ್ಟುಕೊಳ್ಳಿ. ಗಾಬರಿಯಲ್ಲಿ ತಣ್ಣೀರು ತಂದು ಹೊಯ್ಯಬೇಡಿ. ಕಾದ ಸೀಲಿನ ಬಿಲ್ಲೆಗಳು ತಣ್ಣೀರು ಸೋಂಕಿ ಸೀಳುತ್ತವೆ. ಕರೆಂಟು ತೆಗೆದು, ತಾನಾಗಿ ಆರಲು ಬಿಡಿ. ಆರಿದ ಮೇಲೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ನೀರು ತುಂಬಿ ಶುರುಮಾಡಬಹುದು. ಎಲ್ಲಾದರೂ ಹಿಡಿದರೆ ಅಲ್ಲಿಗೇ ನಿಲ್ಲಿಸಿ, ಬಿಚ್ಚಿಸಿ ನೋಡಿ. ಕೊಳವೆಬಾವಿಯ ಪಂಪನ್ನು ಹೀಗೆ ಮುಟ್ಟಿ ನೋಡಲಾಗದು. ನಿಲ್ಲಿಸಿ ಒಂದೆರಡು ಗಂಟೆ ಬಿಟ್ಟು, ಮುಳ್ಳಿನ ಮೇಲೆ ಕಣ್ಣಿಟ್ಟು ಶುರುಮಾಡಿ. ಮುಳ್ಳು ಎಂದಿಗಿಂತ ಮೇಲೆ ನಿಂತಿತೋ, ಒಳಗೆ ಏನೋ ಉಜ್ಜುತ್ತಿದೆ ಎಂದು ತಿಳಿಯಿರಿ.

ಮಾತು ಉದ್ದವಾಯಿತು. ಇಂದು ಈ ಊರಿಗೆ ಮೂರು ಗಂಟೆಗೆ ತ್ರೀ ಫೇಸ್ ಬರುತ್ತದೆಂದು ಹೇಳಿದ್ದಾರೆ. ಶಾಲೆಯ ಹಿಂದೆಯೇ ಪಂಪಿನ ಮನೆ. ನೀರಗಂಟಿಯವರು ಬೀಗದ ಕೈ ತಂದಿದ್ದಾರೆ. ಮುಳ್ಳು ಇಳಿಯುವುದನ್ನು ಕಣ್ಣಾರೆ ನೋಡಬೇಕೆನ್ನುವವರು ನನ್ನ ಜೊತೆ ಬನ್ನಿ. ಮಕ್ಕಳು ಹೊರಗೆ ಬಾಗಿಲಲ್ಲೇ ನಿಲ್ಲಲಿ.